ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಹದಿನೈದು ದಿನದಿಂದ ಫೋನು ಮಾಡಿದವರೆಲ್ಲ ಒಂದೇ ಮಾತು ಕೇಳ್ತರು. "ಗದ್ದೇಲಿ ಕಾರಿನ ಓಟ ಆತಂತೆ, ಹೌದನೇ? ಅಕ್ಕೋರ ಮಗಳು ಗೆದ್ಲಂತೆ. ಆದ್ರೆ ಅದು ಖರೇ ಗೆದ್ದಿದ್ದಲ್ಲಂತೆ, ಬರೇ ಲೆಕ್ಕದಲ್ಲಿ ಗೆದ್ದಿದ್ದಂತೆ?" ಕಾರವಾರದಿಂದ ಅತ್ತಿಗೆ ಕೇಳಿದ್ರು, ಬೇಲೇಕೇರಿಯಿಂದ ಚಿಕ್ಕಿ ಕೇಳಿದ್ರು, ಮೀನು ತಕಂಡು ಬಂದವಳೂ ಬುಟ್ಟಿ ಇಳಿಸೋ ಮೊದಲು ಅದನ್ನೇ ಕೇಳಿದ್ಲು. ಒಬ್ಬೊಬ್ಬರಿಗೆ ಹೇಳಿ ಮುಗಿಸೂದು ಆಗೂದಿಲ್ಲ. ಎಲ್ಲಾರಿಗೂ ಸೇರಿ ಇಲ್ಲೇ ಬರೀತೆ. ಒಲೆ ಮೇಲೆ ಸಾರಿಟ್ಟು ಓದಬೇಡಿ, ಸ್ವಲ್ಪ ಉದ್ದ ಅದೆ, ಲೆಕ್ಕವೂ ಅದೆ.

ಮೊದಲು ಆ ಆಟ ಎಂತದು ಹೇಳಿ ತಿಳ್ಕೊಳ್ಳಿ. ಟೀವಿಯಲ್ಲಿ ತೋರಿಸ್ತರಲ್ಲ, ಹತ್ತಿಪ್ಪತ್ತು ಕಾರು ಒಂದರ ಬಾಲಕ್ಕೊಂದು ಹಿಡ್ಕಂಡು ಓಡೂದು, ಇದು ಅದಲ್ಲ. ಇದಕ್ಕೆ ಆಟೋಕ್ರಾಸ್ ಅಂತರು. ಖಾಲಿ ಮೈದಾನದಲ್ಲಿ ಗುರುತು ಇಟ್ಟು ಸುತ್ತಾಬಳಸಿ ಒಂದು ದಾರಿ ಮಾಡ್ತರು. ಒಂದು ಸಲಕ್ಕೆ ಒಂದೇ ಕಾರು. ಗಡಿಯಾರದ ಕೂಡೆ ಓಟ. ಯಾರು ಕಡಿಮೆ ಸೆಕೆಂಡಿನಲ್ಲಿ ಮುಗಿಸ್ತರೋ ಅವರು ಮುಂದೆ. ಗುರುತಿಗೆ ತಾಗಿ ಬೀಳ್ಸಿದ್ರೆ ದಂಡ. ಅಮೆರಿಕದಲ್ಲಿ ಕೋನ್ ಒಂದಕ್ಕೆ 2 ಸೆಕೆಂಡು ಸೇರಿಸ್ತರು. ನಮ್ಮ ಕಡೆ ಹೆಚ್ಚಾಗಿ ಮಣ್ಣಿನ ನೆಲದಲ್ಲೇ ಆಡೂದು. ಬೆಂಗಳೂರು, ಚಿಕ್ಕಮಗಳೂರು, ಮಂಗಳೂರು ಕಡೆ ಇಂಥ ಸ್ಪರ್ಧೆ ಆಗ್ತವೆ. ಮನೆಯ ಕಾರನ್ನೇ ತಕಂಡು ಹೋಗಿ ಓಡಿಸುವವರೂ ಅದರಲ್ಲಿ ಇರ್ತರು.

ಇಲ್ಲೇ ಒಂದು ತಕರಾರು ಹುಟ್ತದೆ. ಒಬ್ಬನ ಹತ್ರ ದೊಡ್ಡ ಎಂಜಿನ್ನಿನ ಕಾರು, ಇನ್ನೊಬ್ಬಳ ಹತ್ರ ಹಳೇ ಸಣ್ಣ ಕಾರು. ದೊಡ್ಡದು ಗೆದ್ರೆ ಗೆದ್ದಿದ್ದು ಯಾರು, ಕೂತವನೋ ಎಂಜಿನ್ನೋ? ನಮ್ಮ ದೇಶದಲ್ಲಿ ಎಂಜಿನ್ನಿನ ಸಿಸಿ ನೋಡಿ ಗುಂಪು ಮಾಡ್ತರು. ಸಣ್ಣವು ಸಣ್ಣವರ ಕೂಡೆ, ದೊಡ್ಡವು ದೊಡ್ಡವರ ಕೂಡೆ. ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆ ಬೇರೆ ಗುಂಪಿನವರನ್ನೂ ಒಂದೇ ಪಟ್ಟಿಯಲ್ಲಿ ತೂಗೂಕೆ ಒಂದು ಲೆಕ್ಕ ಮಾಡಿದ್ರು. ಪ್ರತಿ ಗುಂಪಿಗೂ ಒಂದು ಅಂಕಿ. ತೀರಾ ಜೋರಿನ ಕಾರಿಗೆ 1ರ ಹತ್ರ, ನಿಧಾನದ ಕಾರಿಗೆ ಅದಕ್ಕಿಂತ ಕಡಿಮೆ. ಓಡಿದ ಸೆಕೆಂಡನ್ನು ಆ ಅಂಕಿಯಿಂದ ಗುಣಿಸೂದು. ಉದಾಹರಣೆಗೆ ಅಂಕಿ 0.80 ಇದ್ರೆ, 60 ಸೆಕೆಂಡು ಓಡಿದವಳದ್ದು 48 ಸೆಕೆಂಡು ಹೇಳಿ ಲೆಕ್ಕ. ಇದಕ್ಕೆ ಹ್ಯಾಂಡಿಕ್ಯಾಪ್ ಅಂತರು. ಕಾರಿನ ಬಲವನ್ನು ಅತ್ಲಾಗೆ ತೆಗೆದಿಟ್ಟು, ಉಳಿದಿದ್ದು ಕೈಗುಣ ಎಷ್ಟು ಹೇಳಿ ನೋಡೂದು.

ಇದು ನಮಗೆ ಹೊಸ ಮಾತಲ್ಲ. ಮದ್ವೆಮನೆಯಲ್ಲಿ ಸುಕ್ರುಂಡೆ ಮಾಡೂಕೆ ಕೂತಾಗ ಒಬ್ಬಳು ಮಿಕ್ಸಿ ತಿರುವ್ತಾಳೆ, ಗ್ಯಾಸಿನ ಮುಂದೆ ನಿಂತು ಕರೀತಾಳೆ. ಇನ್ನೊಬ್ಬಳು ಒರಳಲ್ಲಿ ಕಡೆದು, ಹೊಗೆ ಊದ್ತಾ ಸೌದೆ ಒಲೆಯಲ್ಲಿ ಕರೀತಾಳೆ. ಗಂಟೆ ಹೊತ್ತಿನಲ್ಲಿ ಯಾರ ಡಬ್ಬಿ ಮೊದಲು ತುಂಬ್ತು ಹೇಳಿ ಮಾತ್ರ ನೋಡಿದ್ರೆ ಅದು ನ್ಯಾಯವೇ? ಕೈಗುಣ ಹೇಳೂ ಮಾತು ನಮ್ಮಲ್ಲಿ ಹುಟ್ಟಿದ್ದೇ ಒಲೆಯನ್ನೂ ಪಾತ್ರೆಯನ್ನೂ ಬದಿಗಿಟ್ಟು ಮಾಡಿದವಳನ್ನ ನೋಡೂಕೆ.

ಕರಾವಳಿಯ ದೊಡ್ಡ ಉದಾಹರಣೆ ಬೇಕಂದ್ರೆ ಕಂಬಳ ನೋಡಿ. ಅಲ್ಲಿ ಎಲ್ಲಾ ಕೋಣಗಳನ್ನೂ ಒಟ್ಟಿಗೆ ಬಿಡೂದಿಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಹೇಳಿ ಬೇರೆ ಬೇರೆ ವಿಭಾಗ. ಹಗ್ಗ, ನೇಗಿಲಿನಲ್ಲಿ ಮತ್ತೆ ಹಿರಿಯ, ಕಿರಿಯ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಜನ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡು ಮಾಡಿ ಉಸೇನ್ ಬೋಲ್ಟನ ಕೂಡೆ ಹೋಲಿಸಿದ್ರು. ದೆಹಲಿಯಿಂದ ಕ್ರೀಡಾ ಮಂತ್ರಿಗಳೇ ಪರೀಕ್ಷೆಗೆ ಕರೆದ್ರು. ಶ್ರೀನಿವಾಸ ಗೌಡರು ಹೋಗ್ಲಿಲ್ಲ. ಹೊಗಳಿಕೆಯಲ್ಲಿ ಕೋಣಗಳಿಗೂ ಪಾಲುಂಟು ಹೇಳಿದ್ರು. ಎಷ್ಟು ತೂಕದ ಮಾತು ನೋಡಿ. ಎಳೆಯೂದು ಕೋಣ, ಆದ್ರೆ ಆ ಕೆಸರಿನಲ್ಲಿ ಹಗ್ಗ ಹಿಡಿದು ಬೀಳದೇ ಇರೂದು ಮನುಷ್ಯ. ಎರಡರಲ್ಲಿ ಯಾರದ್ದು ಎಷ್ಟು ಹೇಳಿ ಬಿಡಿಸೂದು ಸುಲಭವಲ್ಲ.

ಈಗ ನಮ್ಮನೆ ವಿಷಯಕ್ಕೆ ಬತ್ತೆ.

ಅಕ್ಕನ ಮಾರುತಿ 800 ನಿಮಗೆಲ್ಲ ಗೊತ್ತಿದ್ದದ್ದೇ. 2007ರ ಗಾಡಿ. ಅಕ್ಕ ಶಾಲೆಯಲ್ಲಿ ಅಕ್ಕೋರಾಗಿದ್ದಾಗ ತನ್ನ ಸಂಬಳದಲ್ಲಿ ಉಳಿಸಿದ ದುಡ್ಡಿನಿಂದ 2010ರಲ್ಲಿ ಸೆಕೆಂಡ್ ಹ್ಯಾಂಡ್ ತಕಂಡಿದ್ಲು. ನಲವತ್ತೈದು ದಾಟಿದ ಮೇಲೆ ಕಲಿತ್ಲು. ಆವಾಗ ಊರಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸು ಹೇಳಿದ್ರೆ ಗದ್ದೆಯಲ್ಲಿ ಸಸಿ ನೆಡುವವರೂ ಸೊಂಟ ಎತ್ತಿ ನೋಡೂರು. ರಾತ್ರಿ ಹೊತ್ತಿನ ಎಷ್ಟು ಹೆರಿಗೆಗೆ ಆ ಗಾಡಿ ಅಂಕೋಲೆಗೆ ಓಡಿತ್ತು ಹೇಳಿ ನಿಮ್ಮಲ್ಲೇ ಕೆಲವರ ಹೊಟ್ಟೆಗೆ ಗೊತ್ತು.

ಈಗ ಅಕ್ಕಗೆ ಮೊಣಕಾಲು ನೋವು, ಕ್ಲಚ್ಚು ತುಳಿಯೂಕೆ ಆಗೂದಿಲ್ಲ. ಗಾಡಿಗೂ ವಯಸ್ಸಾತು. ಉಪ್ಪುಗಾಳಿಗೆ ತಳ ತುಕ್ಕು ಹಿಡಿದದೆ. 15 ವರ್ಷ ಆದ್ಮೇಲೆ 2022ರಲ್ಲಿ ಮತ್ತೆ ನೋಂದಣಿ ಮಾಡ್ಸಿದ್ರು, ಅದು 5 ವರ್ಷಕ್ಕೆ ಮಾತ್ರ. 2027ಕ್ಕೆ ಮತ್ತೆ ಮಾಡ್ಸಬೇಕು. ತಳ ವೆಲ್ಡಿಂಗು, ಟೈರು, ಬ್ರೇಕು, ಎಲ್ಲಾ ಸೇರಿ ದುಡ್ಡು ಬೇಕು. ಬಾವ ಹೇಳಿದ್ರು, "ಈ ಡಬ್ಬಿಗೆ ಇನ್ನು ಒಂದು ರೂಪಾಯಿ ಬೇಡ. ಗುಜರಿಗೆ ಕೊಟ್ಟು, ಆ ದುಡ್ಡು ತಮ್ಮನ ಸ್ಕಾರ್ಪಿಯೋಗೆ ಹಾಕ್ವ. ಎರಡು ಮನೆಗೆ ಒಂದು ಗಾಡಿ ಸಾಕು." ಮಾತು ಕೇಳೂಕೆ ಸರಿಯೇ ಅದೆ. ಆದ್ರೆ ಸ್ಕಾರ್ಪಿಯೋದ ಕೀಲಿಕೈ ಬಾವನ ತಮ್ಮನ ಮಗನ ಕಿಸೆ ಬಿಟ್ಟು ಹೊರಗೆ ಬಂದದ್ದು ನಾನು ನೋಡ್ಲಿಲ್ಲ. ಅಕ್ಕನ ಮಗಳು ಕಾರು ಕಲ್ತಿದ್ದು ಈ 800ರಲ್ಲೇ. ಅದು ಹೋದ್ರೆ ಅವಳ ಕೈಯಿಂದ ಸ್ಟೇರಿಂಗೇ ಹೋತು.

ಆ ಹುಡುಗಿಗೆ ಆಟೋಕ್ರಾಸಿಗೆ ಹೋಗೂ ಆಸೆ. ಮನೆಯಲ್ಲಿ ಹೇಳಿದಾಗ ಆ ಹುಡುಗ ನಕ್ಕ. "37 ಕುದುರೆ ಶಕ್ತಿ ಇಟ್ಕಂಡು ಎಲ್ಲಿಗೆ ಹೋಗ್ತೆ ತಂಗೀ, ನನ್ನದು 120." ಅಂಕಿ ಸರಿಯೇ. 800ರದ್ದು 796 ಸಿಸಿ, ಮೂರೇ ಸಿಲಿಂಡರು, 37 ಚಿಲ್ಲರೆ ಕುದುರೆ ಶಕ್ತಿ. ಅವನ ಮಾಡೆಲ್ಲಿನ ಸ್ಕಾರ್ಪಿಯೋ 2.2 ಲೀಟರಿನ ಡೀಸೆಲ್ಲು, 120. ಮೂರು ಪಟ್ಟು ಹೆಚ್ಚು. ಆದ್ರೆ ಹುಡುಗಿ ಚೀಟಿ ಮೇಲೆ ಇನ್ನೊಂದು ಲೆಕ್ಕ ಬರೆದು ತೋರಿಸಿದ್ಲು. 800ರ ತೂಕ 650 ಕಿಲೋ ಆಸುಪಾಸು, ಸ್ಕಾರ್ಪಿಯೋದ್ದು 1800 ಕಿಲೋ ಹತ್ರ. ನೂರು ಕಿಲೋಗೆ ಎಷ್ಟು ಕುದುರೆ ಬತ್ತದೆ ನೋಡಿ: 800ಕ್ಕೆ 5.7, ಸ್ಕಾರ್ಪಿಯೋಗೆ 6.7. ಮೂರು ಪಟ್ಟಿನ ಜಂಬ ಒಂದು ಕುದುರೆಗೆ ಇಳೀತು. ಹತ್ತು ಆಳಿಗೆ ಹತ್ತು ಸೇರು ಅಕ್ಕಿ, ಮೂವತ್ತು ಆಳಿಗೆ ಮೂವತ್ತೈದು ಸೇರು ಅಕ್ಕಿ ಬೇಯಿಸಿದ ಹಾಗೆ. ಹಂಡೆ ದೊಡ್ಡದು ಹೌದು, ಎಲೆಗೆ ಬೀಳೂ ಅನ್ನ ತುಸು ಮಾತ್ರ ಹೆಚ್ಚು.

ಮಾತಿಗೆ ಮಾತು ಬೆಳೆದು, ಕಡೆಗೆ ನಮ್ಮ ಸೋದರಮಾವ ಎದ್ದು ನಿಂತ್ರು. ಮೂವತ್ತು ವರ್ಷ ಅಂಕೋಲೆ-ಹುಬ್ಬಳ್ಳಿ ಲಾರಿ ಹೊಡೆದವರು. ಅರಬೈಲ್ ಘಟ್ಟದ ಒಂದೊಂದು ತಿರುವೂ ಅವರಿಗೆ ಮನೆಯ ಮೆಟ್ಟಿಲ ಹಾಗೆ. "ಬಾಯಲ್ಲಿ ಎಂತಕ್ಕೆ ಓಡಿಸ್ತ್ರಿ? ಭತ್ತ ಕೊಯ್ದ ಗದ್ದೆ ಒಣಗಿ ನಿಂತದೆ. ಎರಡೂ ಗಾಡಿ ಇಳಿಸಿ" ಅಂದ್ರು.

ಈ ಸಲ ಶೇಂಗಾ ಹಾಕದೇ ಬಿಟ್ಟ ಗದ್ದೆ ಇತ್ತು. ನಡೂವಿನ ಹಾಳಿ ಮೊದಲೇ ಕಡಿದು ಮೂರು ಗದ್ದೆ ಒಂದು ಮಾಡಿದ್ದು. ಮನೆಮನೆಯ ಒಡೆದ ಬಕೆಟ್ಟು, ಕೊಡಪಾನ ತಂದು ಬೋರಲು ಹಾಕಿ ಗುರುತು ಮಾಡಿದ್ರು. ಹಾವಿನ ಹಾಗೆ ಒಂದು ಸಾಲು, ಕೊನೆಯಲ್ಲಿ ಒಂದು ಪೂರಾ ಸುತ್ತು, ಮತ್ತೆ ವಾಪಸು. ಮಕ್ಕಳನ್ನೆಲ್ಲ ದೂರದ ಮಾವಿನ ಮರದ ಬುಡದಲ್ಲಿ ಕೂರ್ಸಿ, ಅಲ್ಲಿಂದ ಏಳಬಾರದು ಹೇಳಿ ಅಜ್ಜಿಯನ್ನ ಕಾವಲಿಟ್ರು. ಓಡಿಸುವವರಿಗೆ ಸೀಟ್ ಬೆಲ್ಟು, ತಲೆಗೆ ಹೆಲ್ಮೆಟ್ಟು. ಬಕೆಟ್ ಬಿದ್ರೆ 2 ಸೆಕೆಂಡು ದಂಡ. ಒಬ್ಬೊಬ್ಬರಿಗೆ ಮೂರು ಸುತ್ತು, ಚಲೋದು ಒಂದನ್ನು ಹಿಡಿಯೂದು.

ಅಂಕಿ ಹ್ಯಾಂಗೆ ನಿರ್ಧಾರ ಮಾಡೂದು? ಅದಕ್ಕೂ ಮಾವನೇ ದಾರಿ ಹೇಳಿದ್ರು. "ಎರಡೂ ಗಾಡಿ ಮೊದಲು ನಾನೇ ಓಡಿಸ್ತೆ. ಕೈ ಒಂದೇ, ಗಾಡಿ ಎರಡು. ಎಷ್ಟು ಫರಕು ಬತ್ತದೋ ಅದು ಗಾಡಿಯದ್ದು." ಎಂಥಾ ಚಂದದ ತರ್ಕ ನೋಡಿ. ಮಾವ ಸ್ಕಾರ್ಪಿಯೋದಲ್ಲಿ 45 ಸೆಕೆಂಡು, 800ರಲ್ಲಿ 50 ಸೆಕೆಂಡು. 45ನ್ನು 50ರಿಂದ ಭಾಗಿಸಿದ್ರೆ 0.90. ಅದೇ 800ರ ಅಂಕಿ ಹೇಳಿ ಅಕ್ಕ ಶಾಲೆಯ ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಬರ್ಕಂಡ್ಲು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ರು. ಓಟದ ಮೊದಲೇ ಒಪ್ಪಿದ್ರು, ಇದನ್ನ ನೆನಪಿಟ್ಕೊಳ್ಳಿ.

ಹುಡುಗ ಸ್ಕಾರ್ಪಿಯೋದಲ್ಲಿ 51, 49, 48. ಧೂಳು ನೋಡಬೇಕಿತ್ತು, ಮಾವಿನ ಮರವೇ ಕಾಣ್ತಿರಲಿಲ್ಲ. ಹುಡುಗಿ 800ರಲ್ಲಿ 56, 52. ಮೂರನೇ ಸುತ್ತಲ್ಲಿ 51 ಬಂತು, ಆದ್ರೆ ಒಂದು ಬಕೆಟ್ ಉರುಳ್ತು, 53 ಆತು. ಹಾಗಾಗಿ 52ನ್ನೇ ಹಿಡಿದ್ರು. 0.90ರಿಂದ ಗುಣಿಸಿದ್ರೆ 46.8. ಹುಡುಗನದ್ದು 48. ಹುಡುಗಿ 1.2 ಸೆಕೆಂಡು ಮುಂದೆ.

ಆವಾಗಲೇ ಆ ಮಾತು ಹುಟ್ಟಿದ್ದು. "ಲೆಕ್ಕದಲ್ಲಿ ಗೆದ್ದಿದ್ದು, ಓಟದಲ್ಲಿ ಅಲ್ಲ." ಹೇಳಿದ್ದು ಹುಡುಗನಲ್ಲ, ಪಾಪ, ಅವ ಸುಮ್ಮನೇ ಇದ್ದ. ಹೇಳಿದ್ದು ಹಾಳಿ ಮೇಲೆ ನಿಂತ ಗಂಡಸರು. ಒಬ್ಬರು ಮತ್ತೂ ಮುಂದೆ ಹೋಗಿ, "ಹೆಣ್ಣುಮಗಳಲ್ಲವೇ, ಸ್ವಲ್ಪ ರಿಯಾಯ್ತಿ ಕೊಟ್ಟಿದ್ದು ಚಲೋ ಆತು" ಅಂದ್ರು.

ನನಗೆ ಕೋಪ ಬಂದದ್ದು ಅಲ್ಲಿ. ರಿಯಾಯ್ತಿ ಕೊಟ್ಟಿದ್ದು ಕಾರಿಗೆ, ಹುಡುಗಿಗಲ್ಲ. ಅದೇ ಹುಡುಗ 800ರಲ್ಲಿ ಕೂತಿದ್ರೆ ಅವನಿಗೂ ಅದೇ 0.90 ಸಿಗ್ತಿತ್ತು. ಚಿಕ್ಕಂದಿನಲ್ಲಿ ನಾವು ಆಡೂವಾಗ ತೀರಾ ಸಣ್ಣವರನ್ನ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಹೇಳಿ ಸೇರಿಸ್ಕಳ್ತಿದ್ವಲ್ಲ, ಅದು ರಿಯಾಯ್ತಿ. ಓಡಬಹುದು, ಔಟಾಗೂದಿಲ್ಲ, ಗೆಲ್ಲೂದೂ ಇಲ್ಲ. ಹ್ಯಾಂಡಿಕ್ಯಾಪ್ ಅದರ ಉಲ್ಟಾ. ಅದು ಇರೂದೇ ಲೆಕ್ಕಕ್ಕೆ ತಕಂಬೂಕೆ. ನಮ್ಮ ಮನೆಗಳಲ್ಲಿ ಹೆಂಗಸರ ಎಷ್ಟು ಕೆಲಸ ಆಟಕ್ಕುಂಟು ಲೆಕ್ಕಕ್ಕಿಲ್ಲ ಹೇಳಿ ನಡೀತದೆ ನಿಮಗೆ ಗೊತ್ತು. ಲೆಕ್ಕ ಸರಿ ಮಾಡಿದ ಕೂಡಲೇ ಅದು ಅವರಿಗೆ ರಿಯಾಯ್ತಿಯ ಹಾಗೆ ಕಾಣ್ತದೆ.

ಮಾವ ಮಾತಾಡ್ಲಿಲ್ಲ. ಮುಂದಿನ ಆದಿತ್ಯವಾರ ಗಾಡಿ ಅದಲು ಬದಲು ಮಾಡಿ ಅಂದ್ರು.

ಅದಲು ಬದಲಾದಾಗ ಎಂತಾತು ಹೇಳಿದ್ರೆ, ಹುಡುಗಿ ಸ್ಕಾರ್ಪಿಯೋದಲ್ಲಿ 53, 50, 49. ಹುಡುಗನ 48ಕ್ಕಿಂತ ಒಂದು ಸೆಕೆಂಡು ಹಿಂದೆ. ಅಂದ್ರೆ ಅವನ ಗಾಡಿಯಲ್ಲಿ ಅವನೇ ಚಲೋ. ಹುಡುಗ 800ರಲ್ಲಿ 61, 59, 57. ಹುಡುಗಿಯ 52ಕ್ಕಿಂತ ಐದು ಸೆಕೆಂಡು ಹಿಂದೆ. ಎರಡೂ ಗಾಡಿ ಕೂಡಿಸಿದ್ರೆ ಹುಡುಗಿದು 101, ಹುಡುಗನದ್ದು 105. ಇಲ್ಲಿ ಗುಣಾಕಾರವೇ ಇಲ್ಲ, ಬರೇ ಕೂಡಿಸೂದು. ಹಾಳಿ ಮೇಲಿನವರು ಆ ದಿನ ಬೇಗ ಮನೆಗೆ ಹೋದ್ರು.

ಹಾಗೆ ಯಾಕಾತು ಹೇಳಿ ಮಾವ ಆಮೇಲೆ ಚಾ ಕುಡೀತಾ ತಿಳಿಸಿದ್ರು. ದೊಡ್ಡ ಎಂಜಿನ್ನು ತಪ್ಪನ್ನ ಮುಚ್ತದೆ. ತಿರುವಿನಲ್ಲಿ ಜಾಸ್ತಿ ಬ್ರೇಕ್ ಹೊಡೆದು ಗಾಡಿ ನಿಂತ ಹಾಗಾದ್ರೂ ಮತ್ತೆ ಎಕ್ಸಲೇಟರ್ ತುಳಿದ್ರೆ ಎದ್ದು ಓಡ್ತದೆ, ಓಡಿಸುವವನಿಗೆ ತಪ್ಪಾಗಿದ್ದೇ ಗೊತ್ತಾಗೂದಿಲ್ಲ. 800ರಲ್ಲಿ ಒಂದು ಸಲ ವೇಗ ಕಳ್ಕಂಡ್ರೆ ಅದನ್ನ ವಾಪಸು ತರೂಕೆ ಅರ್ಧ ಗದ್ದೆ ಬೇಕು. ಅದಕ್ಕೇ ಅದರಲ್ಲಿ ಕಲಿತವರು ವೇಗವನ್ನ ಚಿಲ್ಲರೆ ದುಡ್ಡಿನ ಹಾಗೆ ಹಿಡಿದಿಡ್ತರು. ಬ್ರೇಕು ತಿರುವಿನ ಮೊದಲು, ನೇರ ಇದ್ದಾಗಲೇ. ತಿರುವಿನ ಒಳಗೆ ಮೆತ್ತಗೆ. ಕಣ್ಣು ಹತ್ರದ ಬಕೆಟ್ ಮೇಲಲ್ಲ, ಅದರ ಮುಂದಿನದರ ಮೇಲೆ.

ನಮಗೆ ತಿಳಿಯೂ ಹಾಗೆ ಹೇಳಬೇಕಂದ್ರೆ ತುಂಬಿದ ಕೊಡ ಹೊತ್ಕಂಡು ಹಾಳಿ ಮೇಲೆ ನಡೆಯೂದು. ಪಕ್ಕನೆ ತಿರುಗಿದ್ರೆ ನೀರು ಒಂದು ಬದಿಗೆ ಹಾರಿ ಕೊಡವೇ ಎಳೀತದೆ. ಗಾಡಿಯ ತೂಕವೂ ಹಾಗೇ, ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಹೋಗಿ ಬೀಳ್ತದೆ. ಎತ್ತರದ, ತೂಕದ ಗಾಡಿಯಲ್ಲಿ ಮತ್ತೂ ಹೆಚ್ಚು. ಜೋಪಾನವಾಗಿ ಆ ತೂಕವನ್ನ ಸರಿಸೂದೇ ವಿದ್ಯೆ.

ಹಾಗಂತ ಬಲ ಲೆಕ್ಕಕ್ಕಿಲ್ಲ ಹೇಳಿ ನಾನು ಬರೀತಿಲ್ಲ. ಆ 0.90 ನಮ್ಮ ಗದ್ದೆಗೆ ಮಾತ್ರ ಸರಿ. ತಿರುವು ಹೆಚ್ಚು, ಮಣ್ಣು ಸಡಿಲ. ಬಲ ಇದ್ರೂ ಚಕ್ರ ಸುಮ್ಮನೇ ತಿರುಗಿ ಧೂಳು ಹಾರಿಸ್ತದೆ. ಅದೇ ಹೆದ್ದಾರಿ 66ರ ನೇರ ರಸ್ತೆಯ ಮೇಲೆ ಹೋದ್ರೆ, ಇಲ್ಲ ಅರಬೈಲ್ ಘಟ್ಟ ಏರಿದ್ರೆ, ಅಂಕಿ ಎಲ್ಲಿಗೋ ಇಳೀತದೆ. ಅಮೆರಿಕದ ಅಂಕಿಗಳ ಮೇಲೂ ಇದೇ ಜಗಳ. ದಾರಿ ಬಿಗಿಯಾಗಿದ್ರೆ ಸಣ್ಣ ಕಾರಿಗೆ ಲಾಭ, ಬಿಚ್ಚಿದ್ರೆ ದೊಡ್ಡದಕ್ಕೆ. ಒಂದು ಊರಿನ ಸೇರು ಇನ್ನೊಂದು ಊರಿಗೆ ಸರಿಯಾಗೂದಿಲ್ಲ ಹೇಳ್ತಿದ್ರಲ್ಲ ಹಿಂದಿನವರು, ಹಾಗೆ.

ಇನ್ನೊಂದು ವಿಷಯ ಯಾವ ಅಂಕಿಗೂ ಸಿಗೂದಿಲ್ಲ. ಹುಡುಗಿ ಸ್ಕಾರ್ಪಿಯೋದಲ್ಲಿ 53ರಿಂದ 49ಕ್ಕೆ ಇಳಿದದ್ದು ಮೂರೇ ಸುತ್ತಿನಲ್ಲಿ. ಅದಕ್ಕಿಂತ ಮೊದಲು ಆ ಗಾಡಿಯ ಸ್ಟೇರಿಂಗ್ ಮುಂದೆ ಅವಳು ಕೂತದ್ದೇ ಇಲ್ಲ. ಹುಡುಗ ದಿನಾ ಸಂಜೆ ಬಂಗಡೆ ತರೂಕೂ ಅದರಲ್ಲೇ ಹೋಗವ. ಅವನಿಗೆ ಸಾವಿರ ಸಂಜೆ, ಇವಳಿಗೆ ಮೂರು ಸುತ್ತು. ಕಾರಿನ ಬಲ ತೂಗಿದ್ರು, ಕೀಲಿಕೈ ಯಾರ ಮನೆಯ ಮೊಳೆಯಲ್ಲಿ ತೂಗ್ತದೆ ಹೇಳೂದನ್ನ ಯಾರು ತೂಗ್ತರು?

ಸ್ಪರ್ಧೆಗಳಲ್ಲಿ ಹೆಂಗಸರಿಗೆ ಬೇರೆ ವಿಭಾಗವೂ ಇರ್ತದೆ. ಅದರಲ್ಲಿ ಹೋಗೂದೋ ಬೇಡವೋ ಹೇಳಿ ಹುಡುಗಿ ನನ್ನ ಕೇಳಿದ್ಲು. ಅದೂ ಆಟಕ್ಕುಂಟು ಲೆಕ್ಕಕ್ಕಿಲ್ಲದ ನಮೂನೆಯೇ ಚಿಕ್ಕಿ, ಹೇಳಿ. ನಾನು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರ ಕತೆ ಹೇಳಿದೆ. 2019ರಲ್ಲಿ ಬೈಕಿನ ಬಾಹಾ ವಿಶ್ವಕಪ್ಪಿನಲ್ಲಿ ಮಹಿಳೆಯರ ವಿಭಾಗ ಗೆದ್ದರು. ಅದೇ ವರ್ಷ ಜೂನಿಯರ್ ವಿಭಾಗದಲ್ಲಿ ಎರಡನೇ ಸ್ಥಾನ ತಕಂಡ್ರು. ಒಂದು ಬಾಗಿಲಲ್ಲಿ ಒಳಗೆ ಹೋಗಿ, ಇನ್ನೊಂದು ಬಾಗಿಲನ್ನೂ ತಟ್ಟಿದ್ರು. ನೀನೂ ಸಣ್ಣ ಎಂಜಿನ್ನಿನ ವಿಭಾಗಕ್ಕೂ ಹೆಸರು ಕೊಡು, ಹೆಂಗಸರ ವಿಭಾಗಕ್ಕೂ ಕೊಡು ಅಂದೆ. ಕೂತು ನೋಡೂ ಹೆಣ್ಣುಮಕ್ಕಳು ಮೊದಲು ಕಣ್ಣಿಡೂದು ಅಲ್ಲೇ.

ಬಾವನ ಮಾತು ಎಲ್ಲಿಗೆ ಬಂತು ಹೇಳ್ತೆ. ಗಾಡಿ ಗುಜರಿಗೆ ಹೋಗ್ಲಿಲ್ಲ. ಬಾವ ಒಪ್ಪಿದ್ದಕ್ಕಲ್ಲ. ಅಕ್ಕ ಹಾಜರಿ ಪುಸ್ತಕ ಮಡಚಿ, "ಗಾಡಿ ನನ್ನ ಹೆಸರಲ್ಲಿ ಅದೆ, ಪೆನ್ಶನ್ನೂ ನನ್ನ ಹೆಸರಲ್ಲಿ ಬತ್ತದೆ, ತಳ ವೆಲ್ಡಿಂಗ್ ನಾನೇ ಮಾಡಿಸ್ತೆ" ಅಂದ್ಲು. ಮೂವತ್ತು ವರ್ಷ ಮಕ್ಕಳ ಹಾಜರಿ ಕರೆದ ದನಿ ಅದು, ಎದುರಿಗೆ ಯಾರೂ ಮಾತಾಡ್ಲಿಲ್ಲ. ಬಾವ ಈಗಲೂ ಅದನ್ನ ಡಬ್ಬಿ ಹೇಳೇ ಕರೀತರು. ಆದ್ರೆ ಮೊನ್ನೆ ನೋಡ್ತೆ, ಹಿಂದಿನ ಎರಡು ಟೈರಿಗೆ ಗಾಳಿ ಹೊಡೀತಾ ಇದ್ರು. ಹುಡುಗನೂ ಎರಡು ಸಲ ಬಂದು, "ತಂಗೀ, ಆ ಕೊನೇ ಸುತ್ತು ಹ್ಯಾಂಗೆ ತೆಗೀತೆ, ತೋರಿಸು" ಹೇಳಿ 800 ಕೇಳ್ಕಂಡು ಹೋದ. ಸ್ಕಾರ್ಪಿಯೋದ ಕೀಲಿಕೈ ಬದಲಿಗೆ ಬಂತೋ ಹೇಳಿ ಕೇಳಬೇಡಿ. ಒಂದು ಸಲ ಬಂತು. ಒಂದೇ ಸಲ.

ಮಳೆ ಬೀಳೂವರೆಗೆ ಗದ್ದೆ ಖಾಲಿಯೇ ಇರ್ತದೆ. ಆದಿತ್ಯವಾರ ಬೆಳಿಗ್ಗೆ, ಬಿಸಿಲೇರೂ ಮೊದಲು, ಅಕ್ಕ ಪಕ್ಕದ ಸೀಟಿನಲ್ಲಿ ಕೂತು ಕಲಿಸ್ತೆ ಹೇಳಿದ್ದಾಳೆ. ಓಟಕ್ಕಲ್ಲ, ಓಡಿಸೂಕೆ. ಲೈಸೆನ್ಸ್ ಮಾಡಿಸಿ ಪೆಟ್ಟಿಗೆಯಲ್ಲಿ ಇಟ್ಟವರು, ಕ್ಲಚ್ಚಿಗೆ ಹೆದರಿ ಬಿಟ್ಟವರು, ಎಲ್ಲಾರೂ ಬನ್ನಿ. ಸೀರೆ ಉಟ್ಟು ಬಂದ್ರೂ ಅಡ್ಡಿಲ್ಲ, ಸೆರಗು ಮಾತ್ರ ಸಿಕ್ಕಿಸ್ಕಂಡು ಬನ್ನಿ. ಪೆಟ್ರೋಲಿನ ಖರ್ಚು ಹಂಚ್ಕಂಬ್ವ. ಒಡೆದ ಬಕೆಟ್ ಇದ್ರೆ ಒಂದೊಂದು ತನ್ನಿ, ನಮ್ಮವು ಈಗಾಗಲೇ ನಾಲ್ಕು ಚಪ್ಪಟೆ ಆಗಿವೆ.